ಹಳೇ ಮಿಲಿಟರಿ ಲಾರಿಯ ಮುಂದಿನ ಆ್ಯಕ್ಸಲ್ ಬೂಟ್ ಹರಿದಿದೆ, ಹಬ್ ಬಿಚ್ಚದೆ ಹೊಸದು ಹಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. ಪಾಂಡವಪುರದ ಹತ್ತಿರದ ತೋಟಕ್ಕೆ ಅಂತ ಹರಾಜಿನಲ್ಲಿ ಒಂದು ಫೋರ್ ವೀಲ್ ಡ್ರೈವ್ ಮಿಲಿಟರಿ ಲಾರಿ ತಗೊಂಡಿದ್ದೀರಿ. ಮುಂದಿನ ಎರಡೂ ಚಕ್ರದ ಒಳಗಡೆ ಇರುವ ರಬ್ಬರ್ ಬೂಟ್ ಹರಿದಿದೆ, ಟಯರಿನ ಒಳಮೈಗೆಲ್ಲ ಎಣ್ಣೆ ಸಿಡಿದಿದೆ. ಜಿಪ್ ಇರುವ ಸೀಳು ಬೂಟ್ ಸಿಗುತ್ತೆ, ಚಕ್ರ ತೆಗೆದು ಸುತ್ತಿ ಹಾಕಿದರೆ ಅರ್ಧ ದಿನದ ಕೆಲಸ ಅಂತ ಒಬ್ಬರು ಹೇಳಿದ್ದಾರೆ. ಹಬ್ಬು (ಚಕ್ರ ಕೂರುವ ನಡುಭಾಗ), ನಕಲ್ಲು (ಸ್ಟಿಯರಿಂಗ್ ಜೊತೆ ಹೊರಳುವ ತುಂಡು) ಎಲ್ಲಾ ಬಿಚ್ಚಲೇಬೇಕು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಎರಡನೆಯವರ ಮಾತು ಕೇಳಿ. ನಾನು ಮಂಡ್ಯದಲ್ಲಿ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಹರಾಜಿನ ಗಾಡಿಗಳೂ ನಮ್ಮಲ್ಲಿಗೆ ಬರುತ್ತವೆ. ಹರಿದ ಬೂಟ್ ಕಣ್ಣಿಗೆ ಕಾಣುತ್ತೆ, ಅದಕ್ಕೇ ಎಲ್ಲರೂ ಬೂಟ್ ಬಗ್ಗೆ ಕೇಳುತ್ತಾರೆ. ಆದರೆ ಎಣ್ಣೆ ಸಿಡಿದಿದೆ ಅಂತ ನೀವೇ ಬರೆದಿದ್ದೀರಲ್ಲ, ನನಗೆ ಚಿಂತೆ ಆಗಿದ್ದು ಆ ಮಾತಿಗೆ. ಆ ಎಣ್ಣೆ ಎಲ್ಲಿಂದ ಬಂತು ಅಂತ ಮೊದಲು ಗೊತ್ತಾಗಬೇಕು.

ಬೂಟ್ ಯಾಕಿದೆ ಅಂತ ಸ್ವಲ್ಪ ಹೇಳ್ತೀನಿ. ಮುಂದಿನ ಚಕ್ರ ತಿರುಗಲೂ ಬೇಕು, ಸ್ಟಿಯರಿಂಗ್ ಜೊತೆ ಹೊರಳಲೂ ಬೇಕು. ಅದಕ್ಕೆ ಆ್ಯಕ್ಸಲ್ ಶಾಫ್ಟಿನ ತುದಿಯಲ್ಲಿ ಸಿವಿ ಜಾಯಿಂಟ್ ಅಂತ, ಹೊರಳುತ್ತಲೇ ತಿರುಗುವ ಒಂದು ಕೀಲು ಇರುತ್ತೆ. ಆ ಜಾಯಿಂಟಿಗೆ ಗ್ರೀಸ್ ಬೇಕು. ಮಣ್ಣು, ನೀರು ಸೋಕಬಾರದು. ಇದಕ್ಕೆ ಎರಡು ಥರದ ಏರ್ಪಾಟು ಇದೆ. ಹಳೇ ಮಹೀಂದ್ರ ಜೀಪಿನಲ್ಲಿ ನೋಡಿರ್ತೀರಿ, ದುಂಡಗಿನ ಕಬ್ಬಿಣದ ಬಾಲ್, ಅದರ ಮೇಲೆ ಉಜ್ಜಿಕೊಂಡು ಹೋಗುವ ಫೆಲ್ಟ್ ಮತ್ತು ರಬ್ಬರ್ ಸೀಲ್. ಇನ್ನೊಂದು ನಿಮ್ಮ ಗಾಡಿಯ ಥರ, ಹೌಸಿಂಗಿನಿಂದ (ಶಾಫ್ಟನ್ನು ಸುತ್ತುವರಿದ ಕಬ್ಬಿಣದ ಕವಚ) ನಕಲ್‌ವರೆಗೆ ಮಡಿಕೆ ಮಡಿಕೆಯಾದ ದಪ್ಪ ರಬ್ಬರ್ ಬೂಟ್, ಎರಡು ತುದಿಗೂ ಕ್ಲ್ಯಾಂಪ್. ಅಮೆರಿಕದ ಸೇನೆಯ ಎರಡೂವರೆ ಟನ್ನಿನ ಎಂ35 ಲಾರಿಯಲ್ಲಿ ಇರೋದು ಈ ಬೂಟೇ. ಅದು 1950ರ ಸುಮಾರಿಗೆ ಬಂದ ಗಾಡಿ. ಸೇನೆ ಮಾರಿದ ಮೇಲೆ ಅಲ್ಲಿ ಸಾಕಷ್ಟು ಜನ ಖಾಸಗಿಯಾಗಿ ಇಟ್ಟುಕೊಂಡಿದ್ದಾರೆ. ಜಿಪ್ ಇರುವ ಬೂಟ್ ಆ ಲಾರಿಗೆ ಅಂತ ಚೆನ್ನಾಗಿ ಮಾರಾಟ ಆಗುತ್ತೆ, ಯಾಕಂದ್ರೆ ಒಂದೇ ತುಂಡಿನ ಬೂಟ್ ಹಾಕಬೇಕು ಅಂದರೆ ಹಬ್, ಸ್ಪಿಂಡಲ್ (ಹಬ್ ತಿರುಗುವ ಟೊಳ್ಳು ಕೊಳವೆ), ನಕಲ್ ಎಲ್ಲಾ ಇಳಿಸಬೇಕು.

ಈಗ ಎಣ್ಣೆಯ ವಿಷಯ. ಹೌಸಿಂಗಿನ ತುದಿಯಲ್ಲಿ, ಶಾಫ್ಟ್ ಹೊರಗೆ ಬರುವ ಕಡೆ, ಒಳಗಿನ ಆಯಿಲ್ ಸೀಲ್ ಅಂತ ಒಂದಿದೆ. ಡಿಫರೆನ್ಷಿಯಲ್‌ನ (ಆ್ಯಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ) ಗೇರ್ ಆಯಿಲ್ ಜಾಯಿಂಟಿನ ಕಡೆಗೆ ಬರದ ಹಾಗೆ ತಡೆಯೋದು ಅದರ ಕೆಲಸ. ಆ ಸೀಲ್ ಹೋದರೆ ಗೇರ್ ಆಯಿಲ್ ಬೂಟಿನೊಳಗೆ ಬಂದು ಗ್ರೀಸನ್ನು ಕರಗಿಸುತ್ತೆ. ಬೂಟ್ ಚೀಲದ ಹಾಗೆ ತುಂಬಿಕೊಂಡು ಜೋತುಬೀಳುತ್ತೆ. ರಬ್ಬರ್ ಮೆತ್ತಗಾಗಿ ಕೊನೆಗೆ ಮಡಿಕೆಯ ತಳದಲ್ಲಿ ಹರಿಯುತ್ತೆ. ನೀವು ಹೊಸ ಸೀಳು ಬೂಟ್ ಸುತ್ತಿದರೆ ಅದಕ್ಕೂ ಇದೇ ಗತಿ. ಗ್ರೀಸ್ ಹಿಡಿದಿಡುವ ಜಿಪ್ ಗೇರ್ ಆಯಿಲ್ ಹಿಡಿದಿಡುತ್ತೆ ಅಂತ ಹೇಳೋಕಾಗಲ್ಲ.

ಪರೀಕ್ಷೆ ಸುಲಭ. ಹರಿದ ಜಾಗಕ್ಕೆ ಬೆರಳು ಹಾಕಿ ಸ್ವಲ್ಪ ತೆಗೆಯಿರಿ. ಬೆರಳುಗಳ ಮಧ್ಯೆ ಉಜ್ಜಿದಾಗ ಗಟ್ಟಿಯಾಗಿ, ಕಪ್ಪಗೆ, ಅಂಟಂಟಾಗಿದ್ದರೆ ಹಳೇ ಗ್ರೀಸ್. ತೆಳ್ಳಗೆ ಹರಿದು ಮೊಣಕೈವರೆಗೆ ಇಳಿದರೆ, ಮೂಗಿನ ಹತ್ತಿರ ಹಿಡಿದಾಗ ಗಂಧಕದ ಘಾಟು ಬಂದರೆ, ಗೇರ್ ಆಯಿಲ್. ಆ ವಾಸನೆ ಒಮ್ಮೆ ಕುಡಿದ ಮೂಗು ಮರೆಯಲ್ಲ. ಬಣ್ಣ ಹಾಲು ಹಾಕಿದ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರೂ ಹೋಗಿದೆ. ಒಂದು ಎಚ್ಚರಿಕೆ: ಬಾಲ್ ಥರದ ಕೆಲವು ಗಾಡಿಗಳಲ್ಲಿ, ಹಳೇ ಲ್ಯಾಂಡ್ ರೋವರ್ ಅಂಥವುಗಳಲ್ಲಿ, ಕಂಪನಿಯವರೇ ಒಳಗೆ ಗೇರ್ ಆಯಿಲ್ ಹಾಕಿರ್ತಾರೆ. ಹಾಗಾಗಿ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಏನು ಹೇಳಿದೆ ಅಂತ ನೋಡಿಯೇ ತೀರ್ಮಾನಕ್ಕೆ ಬನ್ನಿ.

ಸೀಲ್ ಯಾಕೆ ಹೋಗುತ್ತೆ? ವಯಸ್ಸಾಗಿ ಹೋಗಬಹುದು. ಗಾಡಿ ಡಿಪೋದಲ್ಲಿ ವರ್ಷಗಟ್ಟಲೆ ನಿಂತಿದ್ದರೆ ಸೀಲಿನ ತುಟಿ ಒಣಗಿ ಗಡುಸಾಗುತ್ತೆ. ಆದರೆ ಯಾರೂ ನೋಡದ ಇನ್ನೊಂದು ಕಾರಣ ಇದೆ, ಬ್ರೀದರ್. ಆ್ಯಕ್ಸಲ್ ಹೌಸಿಂಗಿನ ಮೇಲೆ ಬೆರಳಷ್ಟು ದಪ್ಪದ ಒಂದು ಮೂತಿ ಇರುತ್ತೆ. ಓಡಿದಾಗ ಎಣ್ಣೆ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತೆ, ಅದು ಆ ಮೂತಿಯಿಂದ ಹೊರಗೆ ಹೋಗಬೇಕು. ಮಣ್ಣು ಮೆತ್ತಿ, ಅದರ ಮೇಲೆ ಹಸಿರು ಪೇಂಟ್ ಬಳಿದು ಮುಚ್ಚಿಹೋಗಿದ್ದರೆ ಒಳಗಿನ ಒತ್ತಡ ಸೀಲನ್ನು ತಳ್ಳುತ್ತೆ. ನಮ್ಮ ಕಡೆ ಇದರ ಕಾಟ ಇನ್ನೂ ಜಾಸ್ತಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ ಕಬ್ಬಿನ ಗದ್ದೆ, ಬತ್ತದ ಗದ್ದೆ ಬದಿಯ ದಾರಿ ಅರ್ಧ ವರ್ಷ ಕೆಸರೇ ಅಲ್ವಾ. ಬಿಸಿಯಾದ ಆ್ಯಕ್ಸಲ್ ತಣ್ಣನೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ನೀರು ಎಳೆದುಕೊಳ್ಳುತ್ತೆ. ಆದ್ದರಿಂದ ಬ್ರೀದರ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಗಾಳಿ ಸರಾಗವಾಗಿ ಆಡುತ್ತಾ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಚಕ್ರದ ವಿಷಯ ಹೇಳಲೇಬೇಕು. ದಯವಿಟ್ಟು ಈ ಭಾಗ ಹಾರಿಸಬೇಡಿ. ಮಿಲಿಟರಿ ಗಾಡಿಗಳಲ್ಲಿ ಎರಡು ಹೋಳಿನ ಡಿಸ್ಕ್ (ಟಯರ್ ಕೂರುವ ರಿಮ್) ಇರೋದುಂಟು. ಎರಡು ಹೋಳನ್ನು ಸೇರಿಸಿ ಹಿಡಿದಿರುವ ನಟ್ಟುಗಳೇ ಬೇರೆ, ಚಕ್ರವನ್ನು ಹಬ್ಬಿಗೆ ಹಿಡಿದಿರುವ ನಟ್ಟುಗಳೇ ಬೇರೆ. ಗಾಳಿ ತುಂಬಿರುವಾಗ ಮೊದಲಿನವನ್ನು ಸಡಿಲಿಸಿದರೆ ಡಿಸ್ಕ್ ಸಿಡಿದು ಎದುರಿಗಿದ್ದವರ ಪ್ರಾಣ ತೆಗೆಯುತ್ತೆ. ಬ್ರಿಟಿಷ್ ಸೇನೆಯಲ್ಲಿ ಅಂಥ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದದ್ದು ಇದಕ್ಕೇ. ನಿಮ್ಮ ಗಾಡಿಯಲ್ಲಿ ಬಣ್ಣ ಇರಲಿ ಬಿಡಲಿ, ಯಾವ ನಟ್ಟು ಮುಟ್ಟುವ ಮೊದಲೂ ವಾಲ್ವ್ ಪಿನ್ ತೆಗೆದು ಟಯರಿನ ಗಾಳಿ ಪೂರ್ತಿ ಬಿಟ್ಟುಬಿಡಿ. ಲಾಕ್ ರಿಂಗ್ (ಟಯರನ್ನು ಹಿಡಿದಿಡುವ ಕಬ್ಬಿಣದ ಬಳೆ) ಇರುವ ಡಿಸ್ಕಿಗೂ ಇದೇ ಮಾತು. ಎಡಗಡೆ ಚಕ್ರದ ನಟ್ಟು ಬರಲೇ ಇಲ್ಲ ಅಂದರೆ ಪೈಪ್ ಹಾಕಿ ಮುರಿಯುವ ಮುಂಚೆ ಸ್ಟಡ್ಡಿನ ತುದಿ ಒರೆಸಿ ಥ್ರೆಡ್ ಯಾವ ಕಡೆಗೆ ಸುತ್ತಿದೆ ನೋಡಿ. ಎಂ35 ಥರದ ಹಳೇ ಲಾರಿಗಳಲ್ಲಿ ಎಡಗಡೆಯದು ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ.

ಗಾಡಿಯನ್ನು ಜ್ಯಾಕ್ ಮೇಲೆ ಬಿಟ್ಟು ಕೆಳಗೆ ಹೋಗಬೇಡಿ. ಗಟ್ಟಿ ಕಾಂಕ್ರೀಟ್ ನೆಲ, ಆ್ಯಕ್ಸಲ್ ಕೆಳಗೆ ಸ್ಟ್ಯಾಂಡು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು. ತೋಟದ ಮಣ್ಣಿನ ಮೇಲೆ ಈ ಕೆಲಸ ಬೇಡ, ಮಳೆ ಬಿದ್ದ ಮಾರನೇ ದಿನವಂತೂ ಬೇಡವೇ ಬೇಡ.

ಬಿಚ್ಚುವ ಕ್ರಮ ನಿಮ್ಮ ಮೆಕ್ಯಾನಿಕ್‌ಗೆ ಗೊತ್ತಿರುತ್ತೆ, ಅದನ್ನು ಉದ್ದಕ್ಕೆ ಬರೆಯಲ್ಲ. ನೀವು ಪಕ್ಕದಲ್ಲಿ ನಿಂತು ನೋಡಬೇಕಾದ್ದು ಇಷ್ಟು. ಬ್ರೇಕ್ ಡ್ರಮ್ ತೆಗೆದ ಮೇಲೆ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಬ್ರೇಕ್ ಪ್ಲೇಟನ್ನು ಬ್ರೇಕ್ ಹೋಸಿನ ಮೇಲೆ ಜೋತುಬಿಡಬಾರದು, ತಂತಿ ಕಟ್ಟಿ ಚಾಸಿಗೆ ನೇತುಹಾಕಲಿ. ಕಿಂಗ್ ಪಿನ್ (ನಕಲ್ ಹೊರಳುವ ಗೂಟ) ಕೆಳಗಿನ ಮತ್ತು ಮೇಲಿನ ಶಿಮ್ಮುಗಳು (ಸಂದು ಹೊಂದಿಸುವ ತೆಳು ತಗಡುಗಳು) ಒಂದಕ್ಕೊಂದು ಬೆರೆಯಬಾರದು. ಬೇರೆ ಬೇರೆ ದಾರಕ್ಕೆ ಪೋಣಿಸಿ ಚೀಟಿ ಕಟ್ಟಿಡಿ. ಅವು ಬೆರೆತರೆ ಸ್ಟಿಯರಿಂಗ್ ಒಂದೋ ಬಿಗಿ, ಇಲ್ಲಾ ಸಡಿಲ.

ಶಾಫ್ಟ್ ಹೊರಗೆ ಬಂದ ಮೇಲೆ ಎರಡು ಜಾಗ ನೋಡಿ. ಒಂದು ಜಾಯಿಂಟ್. ಪೂರ್ತಿ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ಗುಂಡುಗಳನ್ನೂ ಅವು ಓಡುವ ತೋಡನ್ನೂ ನೋಡಬೇಕು. ಬರೀ ಹೊಳಪು ಬಂದಿದ್ದರೆ ತೊಂದರೆ ಇಲ್ಲ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ, ತುಕ್ಕಿನ ಕಲೆ ತಿಂದಿದ್ದರೆ, ಆ ಜಾಯಿಂಟ್ ಲೋಡಿನಲ್ಲಿ ಫುಲ್ ತಿರುವಿನಲ್ಲಿ ಮುರಿಯುವ ದಿನ ದೂರ ಇಲ್ಲ. ಬೂಟ್ ಹರಿದೇ ಓಡಿಸಿದ ಗಾಡಿಯಲ್ಲಿ ಮರಳು ಗ್ರೀಸಿಗೆ ಸೇರಿ ಉಕ್ಕನ್ನು ಸವೆಸಿರುತ್ತೆ. ಸೀಳು ಬೂಟ್ ಸುತ್ತಿದವರು ಇದನ್ನು ನೋಡುವುದೇ ಇಲ್ಲ, ಒಳಗಿನ ಮರಳನ್ನು ಒಳಗೇ ಇಟ್ಟು ಮುಚ್ಚುತ್ತಾರೆ. ನನಗೆ ಅದು ಸರಿ ಕಾಣಲ್ಲ.

ಎರಡನೆಯದು, ಶಾಫ್ಟ್ ಮೇಲೆ ಸೀಲಿನ ತುಟಿ ಕೂರುವ ಜಾಗ. ಅಲ್ಲಿ ಬೆರಳು ಆಡಿಸಿ. ಗೆರೆ ಬಿದ್ದು ಗುಂಡಿಯಾಗಿದ್ದರೆ ಹೊಸ ಸೀಲ್ ಹಾಕಿದರೂ ಸೋರುತ್ತೆ. ಲೇತಿನಲ್ಲಿ ಸ್ಲೀವ್ (ಶಾಫ್ಟ್ ಮೇಲೆ ಕೂರುವ ತೆಳು ಬಳೆ) ಹಾಕಿಸಬಹುದು, ಇಲ್ಲವೇ ಜಾಗ ಇದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಮುಂದೆ ಹಿಂದೆ ಕೂರಿಸಿ, ತುಟಿ ಹೊಸ ಮೈ ಮೇಲೆ ಬರುವ ಹಾಗೆ ಮಾಡಬಹುದು. ಸೀಲಿಗಾಗಿ ಮಿಲಿಟರಿ ಪಾರ್ಟ್ ನಂಬರ್ ಹುಡುಕಿಕೊಂಡು ಅಲೆಯಬೇಕಿಲ್ಲ. ಹಳೇ ಸೀಲ್ ತೊಳೆದರೆ ಮೈ ಮೇಲೆ 65, 90, 10 ಅನ್ನೋ ಥರ ಮೂರು ಸಂಖ್ಯೆ ಇರುತ್ತೆ. ಒಳಗಿನ ವ್ಯಾಸ, ಹೊರಗಿನ ವ್ಯಾಸ, ದಪ್ಪ, ಎಲ್ಲಾ ಮಿಲಿಮೀಟರಿನಲ್ಲಿ. ಅಳಿಸಿಹೋಗಿದ್ದರೆ ಶಾಫ್ಟನ್ನೂ ಹೌಸಿಂಗನ್ನೂ ವರ್ನಿಯರ್‌ನಲ್ಲಿ ಅಳೆದು ಮೈಸೂರಿನ ಬೇರಿಂಗ್ ಅಂಗಡಿಗಳಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡ್. ಬೂಟ್ ಮಾತ್ರ ಅಳತೆ ಕೊಟ್ಟರೆ ಸಿಗೋದು ಕಷ್ಟ. ಹಳೆಯದನ್ನು ಎಸೆಯದೆ ಜೊತೆಗೆ ತಗೊಂಡು ಹೋಗಿ.

ಬೂಟ್ ಕೊಳ್ಳುವಾಗ ಯಾವ ರಬ್ಬರ್ ಅಂತ ಕೇಳಿ. ನೈಟ್ರೈಲ್ ಅಥವಾ ನಿಯೋಪ್ರೀನ್ ಆದರೆ ಎಣ್ಣೆ ತಡೆಯುತ್ತೆ. ನ್ಯಾಚುರಲ್ ರಬ್ಬರಿನಲ್ಲಿ ಅಚ್ಚು ಹಾಕಿಸಿದ್ದು ನೋಡಲು ಗಟ್ಟಿಯಾಗಿರುತ್ತೆ, ಆದರೆ ಎಣ್ಣೆ ಕುಡಿದು ಊದಿಕೊಳ್ಳುತ್ತೆ. ಲಾರಿ ಟ್ಯೂಬ್ ಕತ್ತರಿಸಿ ಸುತ್ತಿ, ತಂತಿ ಬಿಗಿದು ಓಡಿಸುವವರೂ ಇದ್ದಾರೆ. ಟ್ಯೂಬ್ ಮಾಡೋದು ಬ್ಯೂಟೈಲ್ ರಬ್ಬರಿನಲ್ಲಿ. ಗಾಳಿ ಹಿಡಿಯೋಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಎಣ್ಣೆಗೆ ಮಾತ್ರ ಅದು ಆಗಿಬರಲ್ಲ. ಊರು ಮುಟ್ಟೋವರೆಗೆ ಅಂತ ಕಟ್ಟಿದರೆ ಸರಿ, ಅದನ್ನೇ ರಿಪೇರಿ ಅಂದುಕೊಳ್ಳಬೇಡಿ.

ಹಾಕುವಾಗ ಬೂಟ್ ಕೂರುವ ಎರಡೂ ಅಂಚನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು, ಪೇಂಟಿನ ಸಿಪ್ಪೆ ಎಲ್ಲಾ ತೆಗೆಸಿ. ಜಾರಿಸಲು ಡೀಸೆಲ್ಲೋ ಪೆಟ್ರೋಲೋ ಬೇಡ, ಸೋಪಿನ ನೀರು ಸಾಕು. ಗ್ರೀಸ್ ಯಾವುದು, ಎಷ್ಟು ಅನ್ನೋದು ಮ್ಯಾನ್ಯುಯಲ್ ನೋಡಿ. ಬೂಟಿನೊಳಗೆ ಒತ್ತಿ ಒತ್ತಿ ತುಂಬಬೇಡಿ, ತಿರುವುವಾಗ ಒತ್ತಡಕ್ಕೆ ಕ್ಲ್ಯಾಂಪ್ ಸಂದಿನಿಂದ ಉಕ್ಕುತ್ತೆ. ಕ್ಲ್ಯಾಂಪನ್ನು ಮೊದಲು ಸಡಿಲವಾಗಿ ಹಿಡಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ನೋಡಿ. ಒಂದು ಕಡೆ ಮಡಿಕೆ ಪೂರ್ತಿ ಎಳೆದುಕೊಂಡು ನೆಟ್ಟಗಾದರೆ, ಇಲ್ಲವೇ ಕಬ್ಬಿಣದ ಮಧ್ಯೆ ಸಿಕ್ಕಿಕೊಂಡರೆ, ಬೂಟ್ ತಿರುಚಿ ಕೂತಿದೆ ಅಂತ ಅರ್ಥ. ಚಕ್ರ ನೇರಕ್ಕೆ ತಂದು, ಮಡಿಕೆ ಸರಿಮಾಡಿ, ಆಮೇಲೆ ಬಿಗಿಯಿರಿ. ಕ್ಲ್ಯಾಂಪಿನ ಸ್ಕ್ರೂ ತಲೆ ಟೈ ರಾಡಿಗೂ ಬ್ರೇಕ್ ಹೋಸಿಗೂ ತಾಗದ ಕಡೆ ಇರಲಿ.

ಸೀಳು ಬೂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಳಗಿನ ಸೀಲ್ ಗಟ್ಟಿಯಾಗಿದ್ದು, ಕಲ್ಲೋ ಮುಳ್ಳುತಂತಿಯೋ ತಗುಲಿ ನಿನ್ನೆ ಮೊನ್ನೆ ಹರಿದಿದ್ದರೆ, ಒಳಗೆ ಗ್ರೀಸ್ ಶುದ್ಧವಾಗಿದ್ದರೆ, ಧಾರಾಳವಾಗಿ ಹಾಕಿ. ಆಗ ಜೋಡಣೆಯ ಗೆರೆ ಮೇಲ್ಗಡೆ ಬರಲಿ. ಕಿಂಗ್ ಪಿನ್ ನೆಟ್ಟಗೆ ನಿಂತಿರೋದರಿಂದ ಸ್ಟಿಯರಿಂಗ್ ತಿರುಗಿದಾಗ ಬೂಟಿನ ಮುಂದಿನ ಮತ್ತು ಹಿಂದಿನ ಪಕ್ಕಗಳು ಜಾಸ್ತಿ ಮಡಚುತ್ತವೆ, ಮೇಲೂ ಕೆಳಗೂ ಕಡಿಮೆ. ಕೆಳಗೆ ಎಣ್ಣೆ ನಿಲ್ಲುತ್ತೆ, ಹಾಗಾಗಿ ಮೇಲೆಯೇ ಸರಿ. ಅಂಟು ಹಾಕುವ ಥರದ್ದಾದರೆ ಅದು ಒಣಗುವವರೆಗೆ ಗಾಡಿ ಕದಲಿಸಬೇಡಿ.

ನಿಮ್ಮ ಗಾಡಿಯಲ್ಲಿ ಎರಡೂ ಕಡೆ ಹರಿದು, ಎಣ್ಣೆ ಟಯರಿಗೆ ಸಿಡಿದಿರೋದರಿಂದ ನನ್ನ ಸಲಹೆ ಎರಡೂ ಕಡೆ ಪೂರ್ತಿ ಬಿಚ್ಚಿಸಿ, ಸೀಲ್ ಬದಲಿಸಿ, ಒಂದೇ ತುಂಡಿನ ಬೂಟ್ ಹಾಕಿಸಿ ಅಂತ. ಒಂದು ಕಡೆಗೆ ಒಂದು ದಿನ ಇಟ್ಟುಕೊಳ್ಳಿ. ಎಣ್ಣೆ ಬ್ರೇಕ್ ಲೈನಿಂಗಿಗೆ ಇಳಿದಿದ್ದರೆ ಅದನ್ನು ಸುಟ್ಟು, ಉಜ್ಜಿ ಮತ್ತೆ ಹಾಕಲು ಬಿಡಬೇಡಿ. ಎರಡೂ ಚಕ್ರದ ಲೈನಿಂಗ್ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತೆ. ಎಲ್ಲಾ ಆದ ಮೇಲೆ ಡಿಫರೆನ್ಷಿಯಲ್ ಎಣ್ಣೆಯ ಮಟ್ಟ ನೋಡಿ, ಅಷ್ಟು ದಿನ ಸೋರಿದ್ದು ಅಲ್ಲಿಂದಲೇ. ಗಾಡಿ ಒಂದು ಸುತ್ತು ಪಾಂಡವಪುರಕ್ಕೆ ಹೋಗಿ ಬಂದು ರಬ್ಬರ್ ಬಿಸಿಗೆ ಕೂತ ಮೇಲೆ ಕ್ಲ್ಯಾಂಪುಗಳನ್ನೂ ಚಕ್ರದ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ.