ಹಳೇ ಸ್ಪ್ಲೆಂಡರ್‌ನ ಸಣ್ಣ ರಿಪೇರಿ: ಯಾವುದು ನಮ್ಮ ಕೆಲಸ, ಯಾವುದು ಮೆಕ್ಯಾನಿಕ್ಕಿನದು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹಳೇ ಸ್ಪ್ಲೆಂಡರ್, ಮಳೆ ಬಂದರೆ ಸಾಕು ನಿಂತುಬಿಡುತ್ತದೆ, ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಪ್ರತಿ ಸಲ 300-400 ರೂಪಾಯಿ ಕೈಬಿಟ್ಟು ಹೋಗುತ್ತದೆ, ಇದರಲ್ಲಿ ಯಾವುದನ್ನೆಲ್ಲ ನಾನೇ ಮಾಡಿಕೊಳ್ಳಬಹುದು ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದೇ ಗೋಳು ಹೇಳಿಕೊಂಡು ತಿರುಗುತ್ತಿದ್ದೆ.

ಮೊದಲು ಮಳೆಯ ವಿಷಯ. ನನ್ನ ಗಾಡಿ ಕೊನೆಯ ಸಲ ಹಾಗೆ ನಿಂತದ್ದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಜುಲೈ ತಿಂಗಳಲ್ಲಿ. ಆ ಕಡೆಯ ಮಳೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕಿಕ್ ಹೊಡೆದೂ ಹೊಡೆದೂ ಕಾಲು ಸೋತಿತು. ಹಾಲಿನ ಗಾಡಿಯ ಡ್ರೈವರ್ ಒಬ್ಬರು ನಿಲ್ಲಿಸಿದರು. ಇಳಿಯಲೂ ಇಲ್ಲ, ಕಿಟಕಿಯಿಂದಲೇ "ಪ್ಲಗ್ಗಿನ ಟೊಪ್ಪಿ ಕಿತ್ತು ಒರೆಸಿ ಮಾರಾಯ್ರೆ" ಅಂದು ಹೊರಟುಹೋದರು. ರೈನ್‌ಕೋಟಿನ ಒಳಗೆ ಒಣಗಿದ್ದದ್ದು ಒಂದು ಕರ್ಚೀಫು ಮಾತ್ರ. ಅದರಲ್ಲೇ ಟೊಪ್ಪಿಯ ಒಳಗೂ ಪ್ಲಗ್ಗಿನ ಮೇಲೂ ಒರೆಸಿ ಮತ್ತೆ ಒತ್ತಿ ಕೂರಿಸಿದೆ. ಎರಡನೇ ಕಿಕ್ಕಿಗೆ ಶುರುವಾಯಿತು.

ಯಾಕೆ ಹೀಗಾಗುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಸ್ಪ್ಲೆಂಡರ್‌ನ ಎಂಜಿನ್ ಮುಂದಕ್ಕೆ ಮಲಗಿದ ಹಾಗಿರುತ್ತದೆ. ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ ಇರುವುದು ಅದರ ತಲೆಯಲ್ಲಿ, ಮುಂದಿನ ಚಕ್ರದ ಹಿಂದೆಯೇ. ಚಕ್ರ ಎರಚುವ ರಸ್ತೆಯ ನೀರೆಲ್ಲ ನೇರ ಅಲ್ಲಿಗೇ ಹೋಗುತ್ತದೆ. ಇದನ್ನು ತಡೆಯಲೆಂದೇ ಮಡ್‌ಗಾರ್ಡಿನ ಕೆಳಗೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ನನ್ನದು ಎಂದೋ ಹರಿದು ಬಿದ್ದುಹೋಗಿತ್ತು. ಮೇಲಿಂದ ಪ್ಲಗ್ ಟೊಪ್ಪಿಯ ರಬ್ಬರ್ ಕೂಡ ಬಿರುಕು ಬಿಟ್ಟಿತ್ತು. ಒಳಗೆ ನೀರು ಸೇರಿದರೆ ಕರೆಂಟು ಕಿಡಿ ಹಾರಿಸುವ ಬದಲು ಎಂಜಿನ್ನಿನ ಮೈಗೆ ಹರಿದುಹೋಗುತ್ತದೆ.

ಗ್ಯಾರೇಜಿನಲ್ಲಿ ಮಾತ್ರ ಪ್ರತಿ ಸಲ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಬಿಚ್ಚಿ ತೊಳೆಯುತ್ತಿದ್ದರು. ಗಾಡಿ ಸರಿಯೂ ಆಗುತ್ತಿತ್ತು! ಆಗದೇ ಏನು, ಶೆಡ್ಡಿನೊಳಗೆ ಎರಡು ಗಂಟೆ ನಿಂತರೆ ಟೊಪ್ಪಿ ತಾನಾಗಿ ಒಣಗುತ್ತಿತ್ತು. ಅವರದು ಮೋಸ ಅಂತ ನಾನು ಹೇಳುವುದಿಲ್ಲ, ಅವರೂ ನಂಬಿದ್ದರು ಅಂತ ಕಾಣುತ್ತದೆ. ಹೊಸ ರಬ್ಬರ್ ಪಟ್ಟಿ, ಹೊಸ ಟೊಪ್ಪಿ, ಎರಡೂ ಸೇರಿ ಅವರ ಒಂದು ಬಿಲ್ಲಿಗಿಂತ ಕಡಿಮೆಗೆ ಬಂದವು. ನೀವು ಇವತ್ತೇ ಬಗ್ಗಿ ನಿಮ್ಮ ಮಡ್‌ಗಾರ್ಡ್ ನೋಡಿ.

ಅಂದಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನಾನು ಎಡವಟ್ಟು ಮಾಡಿದರೆ ಗಾಡಿ ಹೊರಡುವುದಿಲ್ಲ ಅನ್ನುವಂಥ ಕೆಲಸ ನನ್ನದು. ಎಡವಟ್ಟು ಮಾಡಿದರೆ ಗಾಡಿ ನಿಲ್ಲುವುದಿಲ್ಲ ಅನ್ನುವಂಥದ್ದು ಮೆಕ್ಯಾನಿಕ್ಕಿನದು. ಬ್ರೇಕ್ ಶೂ, ಮುಂದಿನ ಫೋರ್ಕ್, ಚಕ್ರದ ಬೇರಿಂಗ್ ಇವಕ್ಕೆಲ್ಲ ನಾನು ಕೈಹಾಕುವುದಿಲ್ಲ.

ಹಾರ್ನ್ ಬೆಕ್ಕಿನ ಮರಿಯ ಹಾಗೆ ಕೂಗುತ್ತಿದ್ದರೆ, ಇಂಡಿಕೇಟರ್ ಮಂಕಾಗಿದ್ದರೆ ತಕ್ಷಣ ಹೊಸ ಬ್ಯಾಟರಿ ಕೊಳ್ಳಬೇಡಿ. ಸೈಡ್ ಕವರ್ ತೆಗೆದು ನೋಡಿ. ಎಷ್ಟೋ ಸಲ ಬ್ಯಾಟರಿಯ ಟರ್ಮಿನಲ್ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಕಟ್ಟಿರುತ್ತದೆ, ಇಲ್ಲವೇ ಸ್ಕ್ರೂ ಸಡಿಲವಾಗಿರುತ್ತದೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇದು ತಲೆಕೆಳಗಾದರೆ, ಪ್ಲಸ್ ಬಿಚ್ಚುತ್ತಿರುವಾಗ ಪಾನ ಚಾಸಿಗೆ ತಾಗಿ ಶಾರ್ಟ್ ಆಗಬಹುದು. ಬಿಸಿನೀರು, ಹಳೇ ಟೂತ್‌ಬ್ರಶ್ ಸಾಕು. ಆ ಪುಡಿ ಕೈಗೆ, ಕಣ್ಣಿಗೆ ಆಗದಂತೆ ನೋಡಿಕೊಳ್ಳಿ. ಚೆನ್ನಾಗಿ ಒಣಗಿಸಿ, ಬಿಗಿ ಮಾಡಿ, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿ.

ಪ್ಲಗ್ ಬಿಚ್ಚಿ ಉಜ್ಜುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಸುಲಭ. ಅದರಲ್ಲೇ ನಾನು ಸಾವಿರ ರೂಪಾಯಿ ಕಳೆದುಕೊಂಡೆ. ಪ್ಲಗ್ಗನ್ನು ಸ್ವಲ್ಪ ಓರೆಯಾಗಿ ಇಟ್ಟು, ಮೊದಲ ಸುತ್ತಿನಿಂದಲೇ ಪಾನ ಹಾಕಿ ತಿರುಗಿಸಿದೆ. ಪ್ಲಗ್ ಉಕ್ಕು, ಎಂಜಿನ್ನಿನ ತಲೆ ಅಲ್ಯೂಮಿನಿಯಂ. ಮೆತ್ತಗಿನ ಅಲ್ಯೂಮಿನಿಯಂನ ಥ್ರೆಡ್ ಎಲ್ಲ ಕಿತ್ತುಬಂತು. ಆಮೇಲೆ ಹೆಡ್ ಬಿಚ್ಚಿಸಿ ಲೇತ್ ಅಂಗಡಿಗೆ ಹೊತ್ತೊಯ್ಯಬೇಕಾಯಿತು. ಅಪ್ಪ ಆ ವಾರವಿಡೀ "ಏನಪ್ಪಾ ಎಂಜಿನಿಯರ್ರೇ" ಅಂತಲೇ ಕರೆದರು. ಹಾಗಾಗಿ ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ. ಹಾಕುವಾಗ ಮೊದಲ ನಾಲ್ಕೈದು ಸುತ್ತು ಬರಿಗೈಯಲ್ಲೇ ಹೋಗಬೇಕು. ಸಿಕ್ಕಿಕೊಂಡಿತೋ, ಹಿಂದೆ ತಿರುಗಿಸಿ ಮತ್ತೆ ಶುರು ಮಾಡಿ. ಪಾನ ಇರುವುದು ಕೊನೆಯ ಬಿಗಿಗೆ ಮಾತ್ರ.

ಇನ್ನು ಚೈನ್. ಕವರ್‌ನಲ್ಲಿ ಒಂದು ರಬ್ಬರ್ ಬಿರಡೆ ಇದೆ, ಅದನ್ನು ಕಿತ್ತು ಬೆರಳಲ್ಲಿ ಚೈನ್ ಎತ್ತಿ ನೋಡಿ. ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಚಕ್ರವನ್ನು ಕೈಯಲ್ಲಿ ತಿರುಗಿಸಿ ಮೂರು ನಾಲ್ಕು ಕಡೆ ನೋಡಿ, ಯಾಕೆಂದರೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಎಂಜಿನ್ ಆಫ್ ಇರಲೇಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಎಂಜಿನ್ ಓಡಿಸುತ್ತಾ ಚೈನಿಗೆ ಬಟ್ಟೆ ಹಿಡಿಯುವವರನ್ನು ಕಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುತ್ತದೆ.

ಬಿಗಿ ಮಾಡುವಾಗ ಆಕ್ಸಲ್ ನಟ್ಟು ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರ್ ನಟ್ಟುಗಳನ್ನು ಗುರುತು ನೋಡಿ ಒಂದೇ ಸಮ ತಿರುಗಿಸಬೇಕು. ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಚೈನೂ ಬೇರಿಂಗೂ ಬೇಗ ಹಾಳಾಗುತ್ತವೆ. ಬ್ರೇಕಿಗೆ ಕೈಹಾಕುವುದಿಲ್ಲ ಅನ್ನುವ ನನ್ನ ಲೆಕ್ಕ ಸ್ವಲ್ಪ ತಪ್ಪುವುದು ಇಲ್ಲೇ: ಚಕ್ರ ಹಿಂದೆ ಸರಿದರೆ ಹಿಂದಿನ ಬ್ರೇಕ್ ತಾನಾಗಿ ಬಿಗಿಯಾಗುತ್ತದೆ. ಬ್ರೇಕ್ ರಾಡಿನ ನಟ್ಟು ಸಡಿಲಿಸಿ ಪೆಡಲ್‌ನ ಆಟ ಸರಿಮಾಡಿಕೊಳ್ಳಬೇಕು. ಆಕ್ಸಲ್ ನಟ್ಟು ಪೂರ್ತಿ ಬಿಗಿಯಾಗಿದೆಯೇ ಅಂತ ಎರಡು ಸಲ ನೋಡಬೇಕು. ಮೊದಲ ಸಲ ಮಾಡುವಾಗ ಗೊತ್ತಿದ್ದವರು ಒಬ್ಬರು ಪಕ್ಕದಲ್ಲಿರಲಿ.

ಎಂಜಿನ್ ಆಯಿಲ್ ಬದಲಿಸುವುದೂ ಕಷ್ಟವಲ್ಲ. ಆದರೂ ಅದನ್ನು ನಾನು ಬಿಟ್ಟೆ. ಹಳೇ ಆಯಿಲ್ ಎಲ್ಲಿ ಸುರಿಯುವುದು? ಚರಂಡಿಗೆ ಸುರಿಯಲು ಮನಸ್ಸು ಬರುವುದಿಲ್ಲ.

ನಿಮ್ಮದು ಯಾವ ವರ್ಷದ ಗಾಡಿ ಅಂತ ಬರೆದಿಲ್ಲ. 2020ರ ಏಪ್ರಿಲ್ ನಂತರದ್ದಾದರೆ ಅದು ಹೊಗೆ ನಿಯಂತ್ರಣದ ಬಿಎಸ್6 ನಿಯಮದ ಗಾಡಿ, ಅದರಲ್ಲಿ ಕಾರ್ಬೋರೇಟರೇ ಇಲ್ಲ, ಫ್ಯುಯೆಲ್ ಇಂಜೆಕ್ಷನ್ ಇರುತ್ತದೆ. ಚೈನ್, ಟರ್ಮಿನಲ್, ಮಡ್‌ಗಾರ್ಡ್ ವಿಷಯ ಅದಕ್ಕೂ ಅನ್ವಯಿಸುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರದೆ ಉರಿಯುತ್ತಿದ್ದರೆ ಮಾತ್ರ ಸುಮ್ನೆ ವೈರು ಎಳೆದಾಡಬೇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ.