ಕಲ್ಲಿನ ಹಾಗೇ ಕಾಣುವ ಸಿಮೆಂಟ್ ಕಾಲುದಾರಿ

ಪ್ರಶ್ನೆ: ಗೇಟಿನಿಂದ ಹಿತ್ತಲಿನ ಬಾವಿಯವರೆಗೆ 20 ಅಡಿ ಉದ್ದದ ಕಾಲುದಾರಿ ಮಾಡಬೇಕು. ಶಹಾಬಾದ್ ಕಲ್ಲು ತರಿಸೋಣವೆಂದರೆ ಸಾಗಣೆಯೇ ದುಬಾರಿ. ಪ್ಲಾಸ್ಟಿಕ್ ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿ ಅಂಥದೇ ಹಾಸು ಮಾಡಬಹುದೇ?
– ಓದುಗರು, ಸಾಗರ

ಉತ್ತರ: ಧಾರಾಳವಾಗಿ ಮಾಡಬಹುದು. ಒಳಗೆ ಕಲ್ಲಿನಾಕಾರದ ಖಾನೆಗಳಿರುವ ಈ ಅಚ್ಚು ಸಾಮಾನ್ಯವಾಗಿ 2 ಅಡಿ ಚೌಕದ್ದು. 2 ಇಂಚು ದಪ್ಪದ್ದನ್ನೇ ಕೊಳ್ಳಿ. ದಾರಿಯ ಅಗಲವೂ 2 ಅಡಿಯೇ ಇರಲಿ, ಹತ್ತು ಅಚ್ಚಿಗೆ ಮುಗಿಯುತ್ತದೆ. 3 ಅಡಿ ಮಾಡಹೊರಟರೆ ಅಂಚಿನುದ್ದಕ್ಕೂ ಅರ್ಧರ್ಧ ಅಚ್ಚಿನ ಪೇಚಾಟ.

ಮೊದಲು ಮೇಲ್ಮಣ್ಣನ್ನೂ ಬೇರನ್ನೂ ತೆಗೆದು 5 ಇಂಚು ಅಗೆಯಿರಿ. ಕಲ್ಲುಪುಡಿ ಬೆರೆಸಿದ 20 ಎಂಎಂ ಜಲ್ಲಿಯನ್ನು ಎರಡು ಪದರವಾಗಿ ಹರಡಿ, ನೀರು ಚಿಮುಕಿಸಿ, 4 ಇಂಚು ನಿಲ್ಲುವಂತೆ ದಿಮ್ಮಿಸಿ. ಆಗ ಹಾಸು ನೆಲಕ್ಕಿಂತ ಒಂದಿಂಚು ಮೇಲೆ ನಿಲ್ಲುತ್ತದೆ. ನಿಮ್ಮ ಕಡೆಯ ಮಳೆಗೆ ಇದು ಬೇಕೇ ಬೇಕು. ಅಡ್ಡಲಾಗಿ ಅಡಿಗೆ ಕಾಲಿಂಚು ಇಳಿಜಾರೂ ಇರಲಿ.

ಬಾಂಡ್ಲಿ ಲೆಕ್ಕದಲ್ಲಿ ಸಿಮೆಂಟ್ 1, ಎಂ-ಸ್ಯಾಂಡ್ ಒಂದೂವರೆ, 12 ಎಂಎಂ ಜಲ್ಲಿ 3. ಒಟ್ಟು ಒಂದೂವರೆ ಮೂಟೆ ಸಿಮೆಂಟ್, 3 ಘನ ಅಡಿ ಮರಳು, 6 ಘನ ಅಡಿ ಜಲ್ಲಿ ಸಾಕು. ಇಡೀ ಕೆಲಸ ಕೆಡುವುದು ನೀರಿನಲ್ಲಿ. ಮೂಟೆಗೆ 25 ಲೀಟರ್ ದಾಟಬಾರದು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ತೆಳ್ಳಗಾದರೆ ಅಚ್ಚು ಎತ್ತಿದ ಕೂಡಲೇ ಕಲ್ಲಿನ ಅಂಚೆಲ್ಲ ಕುಸಿದು ಸಂದಿ ಮುಚ್ಚಿಕೊಳ್ಳುತ್ತದೆ.

ಅಚ್ಚನ್ನು ದಿಮ್ಮಿಸಿದ ಜಲ್ಲಿಯ ಮೇಲಿಟ್ಟು, ಕಾಂಕ್ರೀಟನ್ನು ಕರಣೆಯ ತುದಿಯಿಂದ ಮೂಲೆಮೂಲೆಗೂ ಚುಚ್ಚಿ ತುಂಬಿ, ಮೇಲೆ ಮಟ್ಟಮಾಡಿ, ಅಚ್ಚನ್ನು ಆಗಲೇ ನೇರವಾಗಿ ಮೇಲೆತ್ತಿ. ಮುಂದಿನ ಸಲ ಅದನ್ನು ಕಾಲು ಸುತ್ತು ತಿರುಗಿಸಿ ಇಡಿ. ಇಲ್ಲದಿದ್ದರೆ ಅದೇ ವಿನ್ಯಾಸ ಎರಡೆರಡು ಅಡಿಗೆ ಮರುಕಳಿಸಿ ಅಚ್ಚಿನದೆಂದು ದೂರದಿಂದಲೇ ಗೊತ್ತಾಗುತ್ತದೆ. ಬಣ್ಣದ ಮಾತೂ ಹಾಗೇ. ಶಹಾಬಾದ್ ಕಲ್ಲಿನ ಬೂದುಬಣ್ಣ ಒಂದೇ ಸಮ ಇರುವುದಿಲ್ಲ. ಕಪ್ಪು ಐರನ್ ಆಕ್ಸೈಡನ್ನು ಒಂದು ಕಲಸಿಗೆ ಸಿಮೆಂಟಿನ ತೂಕದ ಶೇ 1, ಇನ್ನೊಂದಕ್ಕೆ ಅರೆ, ಮತ್ತೊಂದಕ್ಕೆ ಏನೂ ಇಲ್ಲ, ಹೀಗೆ ಬದಲಿಸಿ. ಪುಡಿಯನ್ನು ಒಣ ಸಿಮೆಂಟಿಗೇ ಬೆರೆಸಿಕೊಳ್ಳಿ.

ಅಚ್ಚು ಎತ್ತಿ ಅರ್ಧ ಗಂಟೆಯ ಮೇಲೆ, ಹೆಬ್ಬೆರಳಿನ ಗುರುತು ಮಾತ್ರ ಬೀಳುವ ಹದದಲ್ಲಿ, ಮುದುರಿದ ಪ್ಲಾಸ್ಟಿಕ್ ಹಾಳೆ ಹಾಸಿ ಅಂಗೈಯಿಂದ ಒತ್ತಿ. ಒಡೆದ ಕಲ್ಲಿನಂಥ ಸಣ್ಣ ಮಡಿಕೆಗಳು ಮೂಡುತ್ತವೆ, ಪಾದಕ್ಕೆ ಹಿಡಿತವೂ ಸಿಗುತ್ತದೆ. ಕರಣೆಯಿಂದ ನುಣ್ಣಗೆ ತಿಕ್ಕಿದ ಹಾಸು ಪಾಚಿ ಕಟ್ಟಿದಾಗ ಅಪಾಯಕಾರಿ, ಮನೆಯಲ್ಲಿ ವಯಸ್ಸಾದವರಿದ್ದರಂತೂ ಬೇಡವೇ ಬೇಡ.

ಮರುದಿನದಿಂದ ಒದ್ದೆ ಗೋಣಿ ಹೊದಿಸಿ 10 ದಿನ ಆರಗೊಡಬೇಡಿ. ಆಮೇಲೆ ಸಂದಿಗಳಿಗೆ ಮರಳು ಗುಡಿಸಿ ತುಂಬಿ.

ಪ್ರಶ್ನೆ: ಕೆಂಪು ಬಣ್ಣ ಹಾಕಿ ಮಾಡಿಸಿದ ಹಾಸು ಎರಡು ಮಳೆಗೆ ಬೆಳ್ಳಗಾಗಿದೆ. ಗುಡಿಸಿದರೆ ಪುಡಿ ಬರುತ್ತದೆ. ಬಣ್ಣ ಕಳಪೆಯೇ?
– ಓದುಗರು, ಧಾರವಾಡ

ಉತ್ತರ: ಅದು ಐರನ್ ಆಕ್ಸೈಡ್ ಆಗಿದ್ದರೆ ಬಿಸಿಲು ಮಳೆಗೆ ಮಾಸುವುದಿಲ್ಲ. ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿ ತಗಲಿ ಬೆಳ್ಳಗೆ ಕೂತಿರಬೇಕು. ಒಂದು ಮೂಲೆಯಲ್ಲಿ ವಿನೆಗರ್ ಹಾಕಿ ನೋಡಿ. ನೊರೆಯೆದ್ದು ಕೆಂಪು ಕಾಣಿಸಿದರೆ ಸುಣ್ಣವೇ. ವಿನೆಗರಿಗೆ ಐದು ಪಾಲು ನೀರು ಬೆರೆಸಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕಕ್ಕಸು ತೊಳೆಯುವ ಆ್ಯಸಿಡ್ ಬೇಡ, ಮೇಲ್ಮೈಯನ್ನೇ ತಿನ್ನುತ್ತದೆ.

ಪುಡಿ ಏಳುವುದು ಬೇರೆ ದೋಷ. ನೀರು ಹೆಚ್ಚಾಗಿ ಮೇಲೆ ತೇಲಿದಾಗ ಅದನ್ನು ಹೀರಿಸಲು ಒಣ ಸಿಮೆಂಟ್ ಉದುರಿಸಿ ತಿಕ್ಕಿದರೆ ಹೀಗಾಗುತ್ತದೆ. ಸರಿಯಾಗಿ ಕ್ಯೂರಿಂಗ್ (ಒದ್ದೆಯಾಗಿಟ್ಟು ಗಟ್ಟಿಯಾಗಗೊಡುವುದು) ಆಗದಿದ್ದರೂ ಹೀಗಾಗುತ್ತದೆ. ಮೊಳೆಯಿಂದ ಗೀರಿ ನೋಡಿ. ಮೇಲಿನ ತೆಳು ಪದರವಷ್ಟೇ ಸಡಿಲವಿದ್ದರೆ ತಂತಿ ಬ್ರಷ್‌ನಿಂದ ತೆಗೆದು ಮೇಲ್ಮೈಯನ್ನು ಗಟ್ಟಿಮಾಡುವ ಸಿಲಿಕೇಟ್ ಹಾರ್ಡನರ್ ದ್ರಾವಣ ಹಚ್ಚಿ. ಗೀರು ಆಳಕ್ಕೆ ಇಳಿದರೆ ಆ ಕಲ್ಲುಗಳನ್ನು ಕಿತ್ತು ಹೊಸದಾಗಿ ಹಾಕಿಸುವುದೇ ಸರಿ.