ಬಣ್ಣದ ವೇಷ ಪುಂಡುವೇಷವಾದಾಗ: ಥಂಡರ್‌ಬೋಲ್ಟ್ಸ್ ತಂಡದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಾರ್ವೆಲ್ ಕಾಮಿಕ್ಸ್‌ನ ಥಂಡರ್‌ಬೋಲ್ಟ್ಸ್ ತಂಡದ ಸುತ್ತಲೇ ಇವೆ. 1997ರ ಮೊದಲ ಸಂಚಿಕೆಯ ಕೊನೆಯ ಪುಟದ ಗುಟ್ಟನ್ನು ಮುಚ್ಚಿಟ್ಟು ಇವಕ್ಕೆ ಉತ್ತರ ಬರೆಯಲು ಆಗುವುದಿಲ್ಲ. ಇನ್ನೂ ಓದದವರು ಆ ಒಂದು ಸಂಚಿಕೆಯನ್ನು ಓದಿ ಮುಗಿಸಿ ಇಲ್ಲಿಗೆ ಬಂದರೆ ಒಳ್ಳೆಯದು.

ಪ್ರಶ್ನೆ: 2025ರ ಸಿನಿಮಾದಲ್ಲಿ ಯೆಲೆನಾ, ಬಕಿ, ರೆಡ್ ಗಾರ್ಡಿಯನ್, ಘೋಸ್ಟ್ ಇದ್ದರು. ಕಾಮಿಕ್ಸ್‌ನಲ್ಲೂ ತಂಡ ಕಟ್ಟಿದ್ದು ಇವರೇನಾ?

ಉತ್ತರ: ಅಲ್ಲ. ಇವರಲ್ಲಿ ಯಾರೂ ಮೊದಲ ತಂಡದಲ್ಲಿ ಇರಲಿಲ್ಲ. ಘೋಸ್ಟ್ ಬಂದದ್ದು 2008ರ ನಂತರ. ಬಕಿ 2016ರ ಸರಣಿಯಲ್ಲಿ ತಂಡ ನಡೆಸಿದ. ಯೆಲೆನಾಳ ಹೆಸರು 2009ರ ಹೊತ್ತಿಗೆ ಕಾಣುತ್ತದೆ ನಿಜ, ಆದರೆ ಆ ವೇಷದ ಒಳಗಿದ್ದವಳು ನತಾಶಾ ರೊಮನಾಫ್.

ತಂಡದ ಬೇರು ಇರುವುದು 1964ರಲ್ಲಿ. ಆ ವರ್ಷದ ‘ಅವೆಂಜರ್ಸ್’ 6ನೇ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಮಾಸ್ಟರ್ಸ್ ಆಫ್ ಈವಿಲ್’ ಎಂಬ ಖಳರ ಕೂಟವನ್ನು ತಂದರು. ಲೆಕ್ಕ ಸರಳವಾಗಿತ್ತು: ಒಬ್ಬೊಬ್ಬ ನಾಯಕನಿಗೆ ಒಬ್ಬೊಬ್ಬ ಹಳೆಯ ವೈರಿ. ಐರನ್ ಮ್ಯಾನ್‌ಗೆ ಮೆಲ್ಟರ್, ಥೋರ್‌ಗೆ ರೇಡಿಯೋಆಕ್ಟಿವ್ ಮ್ಯಾನ್, ಜೈಂಟ್ ಮ್ಯಾನ್‌ಗೆ ಬ್ಲ್ಯಾಕ್ ನೈಟ್, ಕ್ಯಾಪ್ಟನ್ ಅಮೆರಿಕಗೆ ನಾಜಿ ವಿಜ್ಞಾನಿ ಬ್ಯಾರನ್ ಹೈನ್ರಿಕ್ ಝೀಮೋ. ಈ ಝೀಮೋ ಮಾಡಿದ ‘ಅಡ್ಹೆಸಿವ್ ಎಕ್ಸ್’ ಎಂಬ ಅಂಟು ಅವನ ಮೇಲೆಯೇ ಚೆಲ್ಲಿ, ಮುಖದ ಮುಸುಕು ಮತ್ತೆಂದೂ ಬಿಚ್ಚದ ಹಾಗೆ ಚರ್ಮಕ್ಕೆ ಕಚ್ಚಿಕೊಂಡಿತ್ತು. ಈ ವಿವರವನ್ನು ನೆನಪಿನಲ್ಲಿಡಿ. ಮುಂದಿನ ಅರುವತ್ತು ವರ್ಷದ ಕಥೆಯೆಲ್ಲ ತೊಟ್ಟ ಮುಖವಾಡ ಕಳಚುತ್ತದೋ ಇಲ್ಲವೋ ಎಂಬುದರ ಮೇಲೆಯೇ ನಿಂತಿದೆ.

ಹೈನ್ರಿಕ್ 1965ರಲ್ಲಿ, 15ನೇ ಸಂಚಿಕೆಯಲ್ಲಿ ಬಂಡೆ ಉರುಳಿ ಸತ್ತ. ಕೂಟದ ಹೆಸರು ಮಾತ್ರ ಉಳಿಯಿತು. 1968ರಲ್ಲಿ ಕ್ರಿಮ್ಸನ್ ಕೌಲ್ ಎಂಬ ಸೋಗಿನಲ್ಲಿ ಅಲ್ಟ್ರಾನ್ ಅದನ್ನು ಮತ್ತೆ ಕಟ್ಟಿದ, 80ರ ದಶಕದ ಆರಂಭದಲ್ಲಿ ಎಗ್‌ಹೆಡ್ ಕಟ್ಟಿದ. ಇವೆಲ್ಲ ಬಂದವು, ಹೋದವು. ನಿಜವಾದ ತಿರುವು ಬಂದದ್ದು 1986-87ರಲ್ಲಿ, ರೋಜರ್ ಸ್ಟರ್ನ್ ಬರೆದು ಜಾನ್ ಬುಸೇಮ ಚಿತ್ರಿಸಿದ ‘ಅಂಡರ್ ಸೀಜ್’ ಕಥೆಯಲ್ಲಿ. ಹೈನ್ರಿಕ್‌ನ ಮಗ ಹೆಲ್ಮಟ್ ಝೀಮೋ ಹದಿನೈದಕ್ಕೂ ಹೆಚ್ಚು ಖಳರನ್ನು ಕೂಡಿಸಿ, ಅವೆಂಜರ್ಸ್ ಚದುರಿದ್ದ ಸಮಯ ನೋಡಿ ಅವರ ಮನೆಯನ್ನೇ ವಶಪಡಿಸಿಕೊಂಡ. ಹರ್ಕ್ಯುಲಿಸ್ ಪ್ರಜ್ಞೆ ತಪ್ಪುವವರೆಗೆ ಹೊಡೆತ ತಿಂದ. ಮನೆಯ ಬಟ್ಲರ್ ಜಾರ್ವಿಸ್‌ಗೆ ಚಿತ್ರಹಿಂಸೆಯಾಯಿತು. ಕ್ಯಾಪ್ಟನ್ ಅಮೆರಿಕನ ಬಳಿ ಉಳಿದಿದ್ದ ತಾಯಿಯ ಫೋಟೊವೂ ಹೋಯಿತು. ಖಳರು ತಾಳ್ಮೆಯಿಂದ ಯೋಜನೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಈ ಕಥೆಯಷ್ಟು ಚೆನ್ನಾಗಿ ತೋರಿಸಿದ ಅವೆಂಜರ್ಸ್ ಕಥೆ ಅದಕ್ಕೆ ಮುಂಚೆ ಇರಲಿಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: 1997ರ ಮೊದಲ ಸಂಚಿಕೆಯ ಕೊನೆಯ ಪುಟವನ್ನು ಎಲ್ಲರೂ ಹೊಗಳುತ್ತಾರೆ. ಗುಟ್ಟು ಮೊದಲೇ ಗೊತ್ತಿದ್ದು ಓದಿದ್ದರಿಂದ ನನಗೆ ಏನೂ ಅನ್ನಿಸಲಿಲ್ಲ. ಅದರಲ್ಲಿ ಅಂಥದ್ದೇನಿದೆ?

ಉತ್ತರ: ಆ ಪುಟದ ಪೆಟ್ಟು ಬಿದ್ದದ್ದು ಹೊರಗಿನ ಸನ್ನಿವೇಶದಿಂದ. ಅದನ್ನು ತಿಳಿದುಕೊಂಡು ಮತ್ತೊಮ್ಮೆ ಓದಿ.

1996ರ ‘ಆನ್‌ಸ್ಲಾಟ್’ ಕಥೆಯ ಕೊನೆಯಲ್ಲಿ ಅವೆಂಜರ್ಸ್ ಮತ್ತು ಫೆಂಟಾಸ್ಟಿಕ್ ಫೋರ್ ಸತ್ತರೆಂದು ಲೋಕ ನಂಬಿತ್ತು. ಮಾರ್ವೆಲ್ ಆ ಪಾತ್ರಗಳನ್ನು ನಿಜವಾಗಿಯೂ ಬೇರೊಂದು ಪ್ರಪಂಚದ ಸರಣಿಗಳಿಗೆ ಸಾಗಿಸಿತ್ತು. ಹಾಗಾಗಿ ಓದುಗರ ಕಣ್ಣೆದುರು ಒಂದು ಜಾಗ ಖಾಲಿ ಬಿದ್ದಿತ್ತು. ಆ ಜಾಗಕ್ಕೆ ಹೊಸ ನಾಯಕರೆಂದು ಥಂಡರ್‌ಬೋಲ್ಟ್ಸ್ ಬಂದರು. ಮೊದಲು ಕಾಣಿಸಿಕೊಂಡದ್ದು ‘ಇನ್‌ಕ್ರೆಡಿಬಲ್ ಹಲ್ಕ್’ 449ನೇ ಸಂಚಿಕೆಯಲ್ಲಿ. ಆಮೇಲೆ ಕರ್ಟ್ ಬ್ಯೂಸಿಕ್ ಬರವಣಿಗೆ, ಮಾರ್ಕ್ ಬ್ಯಾಗ್ಲಿ ಚಿತ್ರಗಳೊಂದಿಗೆ ಸ್ವಂತ ಸರಣಿ ಆರಂಭವಾಯಿತು. ಜಾಹೀರಾತುಗಳಲ್ಲೂ ಇವರು ಹೊಸ ನಾಯಕರೇ. ಮೊದಲ ಸಂಚಿಕೆಯ ಕಡೆಯ ಪುಟದಲ್ಲಿ ನಾಯಕ ಸಿಟಿಝನ್ ವಿ ಮುಸುಕು ತೆಗೆದರೆ, ಒಳಗಿರುವುದು ಹೆಲ್ಮಟ್ ಝೀಮೋ. ಇಡೀ ತಂಡವೇ ಮಾಸ್ಟರ್ಸ್ ಆಫ್ ಈವಿಲ್. ಜನರ ನಂಬಿಕೆ ಗಳಿಸುವುದು, ಆ ನಂಬಿಕೆಯಿಂದ ರಹಸ್ಯ ಕಡತಗಳವರೆಗೆ ತಲುಪುವುದು, ಕೊನೆಗೆ ಎಲ್ಲವನ್ನೂ ಕೈವಶ ಮಾಡಿಕೊಳ್ಳುವುದು, ಇದು ಝೀಮೋನ ಲೆಕ್ಕ.

ಯಕ್ಷಗಾನ ನೋಡುವವರಿಗೆ ಹೀಗೆ ಹೇಳಬಹುದು: ರಾಕ್ಷಸ ಪಾತ್ರದ ಬಣ್ಣದ ವೇಷದವನು ಯುವವೀರನ ಪುಂಡುವೇಷ ಕಟ್ಟಿ ರಂಗಕ್ಕೆ ಬಂದಿದ್ದಾನೆ, ಸಭೆಯವರಿಗೆ ಗೊತ್ತಿಲ್ಲ. ವಿರಾಟನ ಅರಮನೆಯಲ್ಲಿ ಪಾಂಡವರು ಮರೆಸಿಟ್ಟದ್ದು ತಮ್ಮ ದೊಡ್ಡಸ್ತಿಕೆಯನ್ನು. ಇವರು ಮರೆಸಿಟ್ಟದ್ದು ಕೇಡನ್ನು.

ಇನ್ನೊಂದು ಕ್ರೂರ ವಿವರವಿದೆ, ಹಲವರು ಗಮನಿಸದೆ ಮುಂದೆ ಹೋಗುತ್ತಾರೆ. ಸಿಟಿಝನ್ ವಿ ಎಂಬುದು 1940ರ ದಶಕದ ಆರಂಭದ ಕಾಮಿಕ್ಸ್‌ನ ನಿಜವಾದ ನಾಯಕನ ಹೆಸರು. ಕಥೆಯ ಪ್ರಕಾರ ಅವನನ್ನು ಕೊಂದವನು ಹೈನ್ರಿಕ್ ಝೀಮೋ. ಅಪ್ಪ ಕೊಂದವನ ಉಡುಪನ್ನೇ ಮಗ ತೊಟ್ಟಿದ್ದಾನೆ.

ಆದರೆ ಸರಣಿ ದೊಡ್ಡದಾದದ್ದು ಕೊನೆಯ ಪುಟದಿಂದಲ್ಲ, ಮುಂದಿನ ಹನ್ನೊಂದು ಸಂಚಿಕೆಗಳಿಂದ. ಜನ ಕೈ ಕುಲುಕುತ್ತಾರೆ, ಮಕ್ಕಳು ಹಸ್ತಾಕ್ಷರ ಕೇಳುತ್ತಾರೆ, ಫೆಂಟಾಸ್ಟಿಕ್ ಫೋರ್‌ನ ಕಟ್ಟಡವೇ ವಾಸಕ್ಕೆ ಸಿಗುತ್ತದೆ. ಹ್ಯಾಲಿ ತಕಹಾಮ ಎಂಬ ಹದಿಹರೆಯದ ಹುಡುಗಿ, ಅಂದರೆ ಜೋಲ್ಟ್, ಏನೂ ಅರಿಯದೆ ತಂಡ ಸೇರುತ್ತಾಳೆ. ಅವಳೆದುರು ಕೆಟ್ಟವರಾಗಿ ನಿಲ್ಲಲು ಕೆಲವರಿಗೆ ಮನಸ್ಸು ಬರುವುದಿಲ್ಲ. ತಂಡದವರು ಈ ಬಾಳಿಗೆ ಒಗ್ಗಿಕೊಳ್ಳುತ್ತಿದ್ದಾರೆಂದು ಕಂಡ ಝೀಮೋ 10ನೇ ಸಂಚಿಕೆಯಲ್ಲಿ ತಾನೇ ಗುಟ್ಟನ್ನು ಲೋಕಕ್ಕೆ ಬಿಟ್ಟುಕೊಡುತ್ತಾನೆ. ಹಿಂದಿರುಗುವ ದಾರಿ ಮುಚ್ಚಿದರೆ ತನ್ನ ಹಿಂದೆಯೇ ಬರುತ್ತಾರೆ ಎಂದು ಅವನ ಎಣಿಕೆ. 12ನೇ ಸಂಚಿಕೆಯಲ್ಲಿ ಅವರು ಅವನ ವಿರುದ್ಧವೇ ತಿರುಗಿ ನಿಲ್ಲುತ್ತಾರೆ. ಮನಸ್ಸು ಬದಲಾಗಲು ಇಲ್ಲಿ ಯಾವ ಉಪದೇಶವೂ ಕಾರಣವಲ್ಲ. ದಿನವೂ ಒಳ್ಳೆಯವರ ಕೆಲಸ ಮಾಡಿ ಮಾಡಿ ಅದೇ ಅಭ್ಯಾಸವಾಯಿತು, ಅಷ್ಟೇ. ಬ್ಯೂಸಿಕ್ ಬರವಣಿಗೆಯ ಶಕ್ತಿ ಇದರಲ್ಲಿದೆ.

ಪ್ರಶ್ನೆ: ಪವರ್ ಮ್ಯಾನ್, ಗೋಲಿಯಾತ್, ಅಟ್ಲಾಸ್ ಮೂವರೂ ಒಬ್ಬನೇ ಎಂದು ಓದಿದೆ. ಆದರೆ ಪವರ್ ಮ್ಯಾನ್ ಅಂದರೆ ಲ್ಯೂಕ್ ಕೇಜ್ ಅಲ್ಲವೇ?

ಉತ್ತರ: ಎರಡೂ ಸರಿ. ಎರಿಕ್ ಜೋಸ್ಟನ್ 1965ರಲ್ಲಿ ಪವರ್ ಮ್ಯಾನ್ ಎಂಬ ಖಳನಾಗಿ ಬಂದ. 1974ರಲ್ಲಿ ನಾಯಕ ಲ್ಯೂಕ್ ಕೇಜ್ ಅದೇ ಹೆಸರು ಇಟ್ಟುಕೊಂಡಾಗ ಇಬ್ಬರಿಗೂ ಹೆಸರಿಗಾಗಿಯೇ ಕಾದಾಟವಾಯಿತು, ಜೋಸ್ಟನ್ ಸೋತ. ಆಮೇಲೆ ಸ್ಮಗ್ಲರ್ ಆದ, ಗೋಲಿಯಾತ್ ಆದ, 1997ರಲ್ಲಿ ಅಟ್ಲಾಸ್ ಆದ. 2010ರಲ್ಲಿ ಅದೇ ಲ್ಯೂಕ್ ಕೇಜ್ ಥಂಡರ್‌ಬೋಲ್ಟ್ಸ್ ತಂಡದ ಮುಖ್ಯಸ್ಥನಾಗುತ್ತಾನೆ.

ಉಳಿದವರ ಹಳೆಯ-ಹೊಸ ಹೆಸರುಗಳ ಜೋಡಿ ಹೀಗೆ: ಬೀಟಲ್ (ಎಬ್ನರ್ ಜೆಂಕಿನ್ಸ್) ಮಾಕ್-1 ಆದ, ಮನಃಶಾಸ್ತ್ರಜ್ಞೆಯಾಗಿದ್ದ ಮೂನ್‌ಸ್ಟೋನ್ (ಕಾರ್ಲಾ ಸೋಫೆನ್) ಮೀಟಿಯರೈಟ್ ಆದಳು, ಫಿಕ್ಸರ್ (ನಾರ್ಬರ್ಟ್ ಎಬರ್ಸೋಲ್) ಟೆಕ್ನೊ ಆದ, ಹಿಂದೆ ಕುಸ್ತಿ ಅಖಾಡದಲ್ಲಿದ್ದ ಸ್ಕ್ರೀಮಿಂಗ್ ಮಿಮಿ (ಮೆಲಿಸಾ ಗೋಲ್ಡ್) ಸಾಂಗ್‌ಬರ್ಡ್ ಆದಳು. ಬೀಟಲ್‌ನನ್ನು ಬಿಟ್ಟು ಉಳಿದ ನಾಲ್ವರೂ ‘ಅಂಡರ್ ಸೀಜ್’ ದಾಳಿಯಲ್ಲಿ ಝೀಮೋ ಜೊತೆಗಿದ್ದವರೇ. ಮಾಕ್ ಹೆಸರಿನ ಮುಂದಿನ ಅಂಕಿ ಉಡುಪು ಬದಲಾದಂತೆ ಏರುತ್ತದೆ. ಹಾಗಾಗಿ ಮಾಕ್-4, ಮಾಕ್-5 ಎಂದು ಕಂಡರೆ ಹೊಸಬ ಬಂದನೆಂದು ತಿಳಿಯಬೇಡಿ.

ಪ್ರಶ್ನೆ: ನನ್ನ ಬಳಿ 81ನೇ ಸಂಚಿಕೆ ಇದೆ, ಅದರ ನಂತರ 100 ಸಿಕ್ಕಿತು. ನಡುವಿನ ಹದಿನೆಂಟು ಸಂಚಿಕೆಗಳನ್ನು ಎಲ್ಲಿ ಹುಡುಕಲಿ?

ಉತ್ತರ: ‘ಥಂಡರ್‌ಬೋಲ್ಟ್ಸ್’ 82 ಎಂಬ ಸಂಚಿಕೆ ಅಚ್ಚೇ ಆಗಿಲ್ಲ, ಹುಡುಕಬೇಡಿ. 76ರಿಂದ 81ರವರೆಗೆ ಸರಣಿ ಹಳೆಯ ಪಾತ್ರಗಳನ್ನೆಲ್ಲ ಬಿಟ್ಟು, ಸೋತ ಖಳರು ಹಣಕ್ಕಾಗಿ ಕದ್ದುಮುಚ್ಚಿ ಹೊಡೆದಾಡುವ ಕಥೆಯಾಯಿತು. ಹಳೆಯ ಓದುಗರು ಬಂದದ್ದು ಜೋಸ್ಟನ್, ಮೆಲಿಸಾ, ಜೆಂಕಿನ್ಸ್ ಏನಾದರು ಎಂದು ತಿಳಿಯಲು. ಅವರನ್ನೇ ತೆಗೆದರೆ ಹೆಸರಿನಿಂದ ಏನು ಪ್ರಯೋಜನ? 2003ರಲ್ಲಿ ಸರಣಿ ನಿಂತಿತು.

2004ರಲ್ಲಿ ‘ಅವೆಂಜರ್ಸ್/ಥಂಡರ್‌ಬೋಲ್ಟ್ಸ್’ ಎಂಬ ಆರು ಸಂಚಿಕೆಗಳ ಕಿರುಸರಣಿ ಬಂತು. ಅದರ ಬೆನ್ನಿಗೆ ‘ನ್ಯೂ ಥಂಡರ್‌ಬೋಲ್ಟ್ಸ್’ ಹೆಸರಿನಲ್ಲಿ 1ರಿಂದ 18. ಆ ಹದಿನೆಂಟನ್ನು ಹಳೆಯ 81ಕ್ಕೆ ಕೂಡಿಸಿದರೆ 99. ಹಾಗಾಗಿ ಮುಂದಿನದಕ್ಕೆ ಹಳೆಯ ಹೆಸರನ್ನೇ ಮರಳಿ ಕೊಟ್ಟು 100 ಎಂದು ಅಚ್ಚು ಹಾಕಿದರು. ಇನ್ನೊಂದು ತೊಡಕು 174ರ ನಂತರ ಬರುತ್ತದೆ. 175ರಿಂದ ಅಂಕಿ ಮುಂದುವರಿಯುತ್ತದೆ, ಹೆಸರು ಮಾತ್ರ ‘ಡಾರ್ಕ್ ಅವೆಂಜರ್ಸ್’ ಆಗುತ್ತದೆ; 190ಕ್ಕೆ ಮುಗಿಯುತ್ತದೆ. ಅದೇ ಹೊತ್ತಿಗೆ ‘ಥಂಡರ್‌ಬೋಲ್ಟ್ಸ್’ ಎಂಬ ಬೇರೆ ಸರಣಿ ಮತ್ತೆ 1ರಿಂದ ಶುರುವಾಯಿತು: ಜನರಲ್ ‘ಥಂಡರ್‌ಬೋಲ್ಟ್’ ರಾಸ್ ಕೂಡಿಸಿದ ಪನಿಶರ್, ಎಲೆಕ್ಟ್ರಾ, ಡೆಡ್‌ಪೂಲ್, ವೆನಮ್ ಗುಂಪು. ಹಳೆಯ ಸಂಚಿಕೆ ಕೊಳ್ಳುವಾಗ ಅಂಕಿಯೊಂದನ್ನೇ ಕೇಳಿ ಹಣ ಕೊಡಬೇಡಿ. ಅಂಕಿ, ವರ್ಷ, ಬರಹಗಾರ ಮೂರನ್ನೂ ತಾಳೆ ನೋಡಿ. ಮುಖಪುಟದ ತಿಂಗಳು ಮಾರಾಟದ ತಿಂಗಳಿಗಿಂತ ಸುಮಾರು ಎರಡು ತಿಂಗಳು ಮುಂದಿರುತ್ತದೆ ಎಂಬುದೂ ಗೊತ್ತಿರಲಿ. ಮೊದಲ ಸಂಚಿಕೆಯ ಮೇಲೆ ಏಪ್ರಿಲ್ 1997 ಎಂದಿದ್ದರೂ ಅಂಗಡಿಗೆ ಬಂದದ್ದು ಫೆಬ್ರವರಿಯಲ್ಲಿ.

ಪ್ರಶ್ನೆ: ಸ್ಪೈಡರ್-ಮ್ಯಾನ್‌ನ ವೈರಿ ನಾರ್ಮನ್ ಆಸ್ಬೋರ್ನ್ (ಗ್ರೀನ್ ಗಾಬ್ಲಿನ್) ಮುಖ್ಯಸ್ಥನಾಗಿದ್ದ ಕಾಲದ ತಂಡವನ್ನು ಥಂಡರ್‌ಬೋಲ್ಟ್ಸ್ ಎನ್ನುವುದು ಸರಿಯೇ? ಅಲ್ಲಿ ಒಬ್ಬರೂ ಬದಲಾಗುವುದಿಲ್ಲ.

ಉತ್ತರ: ಸರಿಯೇ, ಆ ಕಥೆ ಮೊದಲನೆಯದರ ಕನ್ನಡಿ. ನಾಯಕರೆಲ್ಲ ಸರಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಾನೂನಿನ ಜಗಳವಾದ ‘ಸಿವಿಲ್ ವಾರ್’ ಕಥೆಯ ನಂತರ 2007ರಲ್ಲಿ ವಾರೆನ್ ಎಲ್ಲಿಸ್ ಮತ್ತು ಮೈಕ್ ಡಿಯೊಡಾಟೊ 110ರಿಂದ 121ರವರೆಗೆ ಹನ್ನೆರಡು ಸಂಚಿಕೆ ಮಾಡಿದರು. ಇಲ್ಲಿ ಸರಕಾರವೇ ಖಳರಿಗೆ ನಾಯಕರ ವೇಷ ತೊಡಿಸಿ, ನೋಂದಣಿ ಮಾಡಿಸದ ನಾಯಕರನ್ನು ಹಿಡಿಯಲು ಬಿಡುತ್ತದೆ. ಟಿವಿಯಲ್ಲಿ ತಂಡದ ಆಟಿಕೆಗಳ ಜಾಹೀರಾತು ಬರುತ್ತದೆ. ಕೊಲೆಗಡುಕ ಬುಲ್ಸ್‌ಐಯನ್ನು ಮಾತ್ರ ಜನರ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳುತ್ತಾರೆ. 1997ರಲ್ಲಿ ಜನರಿಗೆ ಗೊತ್ತಿರಲಿಲ್ಲ. 2007ರಲ್ಲಿ ಗೊತ್ತಿದ್ದೂ ಚಪ್ಪಾಳೆ ತಟ್ಟುತ್ತಾರೆ. ಹಳೆಯ ತಂಡದಿಂದ ಉಳಿದ ಸಾಂಗ್‌ಬರ್ಡ್ ಮತ್ತು ಮೂನ್‌ಸ್ಟೋನ್ ಒಂದೇ ಕೋಣೆಯಲ್ಲಿದ್ದಾರೆ: ಒಬ್ಬಳು ನಿಜವಾಗಿ ಬದಲಾದವಳು, ಇನ್ನೊಬ್ಬಳು ಬದಲಾದಂತೆ ನಟಿಸುವುದರಲ್ಲಿ ಪಳಗಿದವಳು. ಆ ಎರಡು ಪಾತ್ರಗಳ ನಡುವಿನ ಮಾತುಗಳನ್ನು ನಿಧಾನವಾಗಿ ಓದಿ.

ಪ್ರಶ್ನೆ: ಇದು ಡಿಸಿ ಕಾಮಿಕ್ಸ್‌ನ ಸುಯಿಸೈಡ್ ಸ್ಕ್ವಾಡ್‌ನ ನಕಲು ಅಲ್ಲವೇ?

ಉತ್ತರ: ಅಲ್ಲ. ಜಾನ್ ಆಸ್ಟ್ರಾಂಡರ್ 1987ರಲ್ಲಿ ಬೆಳೆಸಿದ ಸ್ಕ್ವಾಡ್‌ನಲ್ಲಿ ಕೈದಿಗಳು ಶಿಕ್ಷೆ ಕಡಿಮೆಯಾಗಲೆಂದು ಸರಕಾರಿ ಅಧಿಕಾರಿ ಅಮಾಂಡಾ ವಾಲರ್ ಹೇಳಿದ ಕೆಲಸ ಮಾಡುತ್ತಾರೆ, ತಪ್ಪಿಸಿಕೊಂಡರೆ ಅವರಿಗೆ ಕಟ್ಟಿದ ಬಾಂಬು ಸಿಡಿಯುತ್ತದೆ. ಅಲ್ಲಿ ಬಲವಂತ, ಇಲ್ಲಿ ಮೊದಲಿಗೆ ಇದ್ದದ್ದು ಮೋಸ. 2010ರ ಲ್ಯೂಕ್ ಕೇಜ್ ತಂಡ ಮಾತ್ರ ಸ್ಕ್ವಾಡ್‌ಗೆ ಹತ್ತಿರ: ರಾಫ್ಟ್ ಜೈಲಿನ ಕೈದಿಗಳು, ಹತೋಟಿಗೆ ಮೈಯೊಳಗೆ ನ್ಯಾನೈಟ್ ಎಂಬ ಅತಿಸೂಕ್ಷ್ಮ ಯಂತ್ರಗಳು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಮ್ಯಾನ್-ಥಿಂಗ್ ಎಂಬ ಜೌಗುನೆಲದ ಜೀವಿ.

ಪ್ರಶ್ನೆ: ಎಲ್ಲವನ್ನೂ ಕೊಳ್ಳಲು ದುಡ್ಡಿಲ್ಲ. ಯಾವುದನ್ನು, ಯಾವ ಕ್ರಮದಲ್ಲಿ ಓದಲಿ?

ಉತ್ತರ: 1964ರ ಸಂಚಿಕೆಯಿಂದ ಶುರು ಮಾಡಬೇಡಿ, ಸಾಮಾನ್ಯವಾಗಿ ಆಗುವ ತಪ್ಪು ಇದೇ. ಹಳೆಯ ಶೈಲಿಗೆ ಒಗ್ಗದೆ ಅಲ್ಲೇ ಕೈಬಿಡುತ್ತಾರೆ. ಮೊದಲು ‘ಥಂಡರ್‌ಬೋಲ್ಟ್ಸ್’ 1ರಿಂದ 12, ಸಂಕಲನವಾಗಿ. ಮನಸ್ಸು ಹಿಡಿದರೆ ಹಿಂದಕ್ಕೆ ಹೋಗಿ ‘ಅಂಡರ್ ಸೀಜ್’ (‘ಅವೆಂಜರ್ಸ್’ 273–277). ಬಳಿಕ 33ರವರೆಗೆ, ಅಂದರೆ ಬ್ಯೂಸಿಕ್ ಬರೆದಷ್ಟು. ಈ ಭಾಗದಲ್ಲಿ ಅವೆಂಜರ್ಸ್‌ನ ಬಿಲ್ಲುಗಾರ ಹಾಕ್‌ಐ ಬಂದು ತಂಡದ ನೇತೃತ್ವ ವಹಿಸುತ್ತಾನೆ. ಅವನಿಗೂ ಖಳನೆಂಬ ಹಣೆಪಟ್ಟಿಯಿಂದಲೇ ಕಥೆ ಆರಂಭವಾದದ್ದು, ಹಾಗಾಗಿ ಅವನ ಮಾತಿಗೆ ತೂಕವಿದೆ. ಹಿಂದೆ ಮಾಡಿದ ಕೊಲೆಗಾಗಿ ಜೆಂಕಿನ್ಸ್ ಜೈಲಿಗೆ ಹೋಗಲೇಬೇಕು ಎಂದು ಅವನು ಪಟ್ಟು ಹಿಡಿಯುತ್ತಾನೆ, ಜೆಂಕಿನ್ಸ್ ಹೋಗುತ್ತಾನೆ. ಇಡೀ ಸರಣಿಯಲ್ಲಿ ನಮಗೆ ಅತಿ ಪ್ರಿಯವಾದ ಘಟ್ಟ ಇದು. ಅದಾದ ಮೇಲೆ ನೇರ 110–121. ಇಷ್ಟು ಓದಿದರೆ 34ರಿಂದ 75ರವರೆಗಿನ ಫೇಬಿಯನ್ ನಿಸಿಯೆಝಾ ಭಾಗ ಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬಹುದು. ಅಲ್ಲಿ ಕಥೆಯ ಎಳೆಗಳು ಬಹಳ, ಬಿಡುವು ಕೊಟ್ಟು ಓದಿದರೆ ಮರೆತುಹೋಗುತ್ತವೆ.

ಪ್ರಶ್ನೆ: ನಾವಿರುವುದು ಕರಾವಳಿಯಲ್ಲಿ. ಮಳೆಗಾಲ ಕಳೆಯುವಷ್ಟರಲ್ಲಿ ಕಾಮಿಕ್ಸ್‌ನ ಪಿನ್ನಿನ ಸುತ್ತ ಕಂದು ಕಲೆ ಬೀಳುತ್ತದೆ. ಏನು ಮಾಡಬೇಕು?

ಉತ್ತರ: ಅದು ತುಕ್ಕು. ಒಮ್ಮೆ ಕಾಗದಕ್ಕೆ ಇಳಿದರೆ ಹೋಗುವುದಿಲ್ಲ, ಹರಡದಂತೆ ತಡೆಯಬಹುದು. ಪ್ರತಿ ಸಂಚಿಕೆಯನ್ನೂ ಪಾಲಿಪ್ರೊಪಿಲೀನ್ ಕವರಿಗೆ ಹಾಕಿ, ಹಿಂದೆ ಆಮ್ಲರಹಿತ ರಟ್ಟು ಇಡಿ. ರಟ್ಟಿನ ಹೊಳಪಿನ ಬದಿ ಪುಸ್ತಕದ ಕಡೆಗಿರಲಿ. 1997ರ ಸಂಚಿಕೆಗಳಿಗೆ 6⅞ ಅಂಗುಲ ಅಗಲದ ಕವರ್ ಸಾಕು. 60ರ ದಶಕದವು ಅಗಲವಾದ್ದರಿಂದ 7⅛ ಅಂಗುಲದ್ದು ಬೇಕು. ಚಿಕ್ಕದಕ್ಕೆ ತುರುಕಿದರೆ ಅಂಚು ಮಡಿಸುತ್ತದೆ. ಒಂದರ ಮೇಲೊಂದು ಪೇರಿಸದೆ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ಪೆಟ್ಟಿಗೆ ನೆಲಕ್ಕೂ ಹೊರಗೋಡೆಗೂ ತಾಗಬಾರದು. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.